ಚಾಚಾ ಗುಡಿಸಿದ ಗೂಡು

ಹೋದ ವಾರ ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಯ ಬಾಗಿಲು ಸರಿಸಿದ್ದೇ ತಡ, ಆ ವಾಸನೆ ಮುಖಕ್ಕೆ ಬಡಿಯಿತು. ಒಣಗಿದ ಪಾರಿವಾಳದ ಹಿಕ್ಕೆಯ ವಾಸನೆ. ಹಳೇ ಸುಣ್ಣದ ಹಾಗೆ ಒಣ ಒಣ, ಒಳಗೊಳಗೇ ಒಂದು ಹುಳಿ. ಏಸಿಯ ಹೊರಗಿನ ಪೆಟ್ಟಿಗೆಯಲ್ಲಿರುವ ಫ್ಯಾನ್ ಮೋಟಾರು ಸುಟ್ಟುಹೋಗಿದೆ, ಬಿಚ್ಚಿಕೊಂಡು ಹೋಗಿ ವೈಂಡಿಂಗ್ ಮಾಡಿಕೊಡಿ ಎಂದು ಆ ಮನೆಯವರು ಕರೆಸಿದ್ದರು. ಪೆಟ್ಟಿಗೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕಡ್ಡಿ, ಪುಕ್ಕ, ಪುಡಿಪುಡಿಯಾದ ಬಿಳಿ ಹಿಕ್ಕೆ ಗುಡ್ಡೆ ಬಿದ್ದಿತ್ತು. ಗಾಳಿ ಬೀಸಿದಾಗ ಅದರ ಮೇಲ್ಪದರ ಸಣ್ಣಗೆ ಅಲುಗಿತು.

ನಾನು ಬಾಗಿಲು ಎಳೆದುಕೊಂಡು ಒಳಗೆ ಬಂದುಬಿಟ್ಟೆ.

ಆ ಮನೆಯ ಹೆಣ್ಣುಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಆಫೀಸಿನ ಕೆಲಸ ಮಾಡುತ್ತಿದ್ದರು. ಒಂದು ಕಿವಿಯದ್ದನ್ನು ಪಕ್ಕಕ್ಕೆ ಸರಿಸಿ, "ಏನಾಯ್ತು? ಹಾವು ಗೀವು ಬಂದಿದ್ಯಾ?" ಎಂದರು.

"ಇಲ್ಲ ಮೇಡಂ. ಒಂದು ಬಕೆಟ್ ನೀರು ಬೇಕಿತ್ತು."

"ಕರೆಂಟ್ ಐಟಂ ಮೇಲೆ ನೀರಾ?"

"ಮೇನ್ ಆಫ್ ಮಾಡಿದೀನಿ. ನೀರು ಮೋಟಾರಿಗಲ್ಲ, ಹಿಂದೆ ಬಿದ್ದಿರೋ ಗಲೀಜಿಗೆ."

ಅವರಿಗೆ ನಗು ಬಂತು. "ಪಾರಿವಾಳಕ್ಕೆ ಇಷ್ಟು ಹೆದರೋರನ್ನ ನಾನು ನೋಡೇ ಇಲ್ಲ ಬಿಡಿ."

ನಾನು ನಗಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಾಮ್ರದ ತಂತಿ ಹಿಡಿದವನು ನಾನು. ಶಾಕ್ ಹೊಡೆದು ಎಗರಿ ಬಿದ್ದಿದ್ದೇನೆ, ಎದ್ದು ಬಂದು ಅದೇ ಕೆಲಸ ಮುಗಿಸಿದ್ದೇನೆ. ಹೆದರುಪುಕ್ಕಲ ಎಂದು ನನ್ನನ್ನು ಇದುವರೆಗೆ ಯಾರೂ ಕರೆದಿಲ್ಲ. ಆದರೆ ನನ್ನ ಚೀಲದಲ್ಲಿ ಟೆಸ್ಟರ್, ಸ್ಪ್ಯಾನರ್‌ಗಳ ಜೊತೆಗೆ ಒಂದು ದಪ್ಪ ಮಾಸ್ಕು, ಸೋಪಿನ ನೀರು ತುಂಬಿದ ಒಂದು ಸ್ಪ್ರೇ ಬಾಟಲಿ ಯಾವಾಗಲೂ ಇರುತ್ತವೆ. ಮಾಸ್ಕು ಕಟ್ಟಿಕೊಂಡು, ದೂರದಿಂದ ಮೆಲ್ಲಗೆ ಮೊದಲು ಬಾಟಲಿಯ ನೀರು, ಆಮೇಲೆ ಬಕೆಟ್ಟಿನ ನೀರು ಬಿಟ್ಟು, ಬಾಗಿಲು ಮುಚ್ಚಿ ಒಳಗೆ ನೆಲದ ಮೇಲೆ ಕೂತೆ. ಅದು ಪೂರ್ತಿ ನೆನೆಯಬೇಕು. ನೆನೆಯುವವರೆಗೆ ಕಾಯಬೇಕು. ಕಾಯುತ್ತ ಕೂತಾಗ ಚಾಚಾ ನೆನಪಾದರು... ನೆನಪಾಗದೆ ಇರುತ್ತಾರೆಯೇ.

ಶಿವಾಜಿನಗರದ ನಮ್ಮ ಗಲ್ಲಿಯಲ್ಲಿ ನನ್ನ ವೈಂಡಿಂಗ್ ಅಂಗಡಿ ಕೆಳಗೆ, ಮನೆ ಮೇಲೆ. ಚಾಚಾ ಪಕ್ಕದ ಮನೆಯವರು, ನಡುವೆ ಒಂದೇ ಗೋಡೆ. ಹತ್ತಿ ಹಿಂಜಿ ಹಾಸಿಗೆ ತುಂಬುವುದು ಅವರ ಕಸುಬು. ಬೆಳಗ್ಗೆ ಶುರುವಾದರೆ ಸಂಜೆಯ ಹೊತ್ತಿಗೆ ಅವರ ಹುಬ್ಬು, ಗಡ್ಡ, ಕಿವಿಯ ಕೂದಲು ಎಲ್ಲದರ ಮೇಲೂ ಹತ್ತಿಯ ನವಿರು. "ಧೂಳು ನನ್ ದೋಸ್ತು ಬೇಟಾ, ನನಗೇನ್ ಮಾಡ್ತದೆ?" ಎಂದು ಕೆಮ್ಮುತ್ತಲೇ ಹೇಳುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಕೋಲಾರದಲ್ಲಿದ್ದಳು. ಮನೆಯಲ್ಲಿ ಅವರು, ಮಹಡಿಯ ಮೇಲೆ ಅವರ ಪಾರಿವಾಳಗಳು.

ಹಳೇ ಲಾರಿಯ ಹಲಗೆ, ಕೋಳಿ ಜಾಲರಿ ಸೇರಿಸಿ ಅವರೇ ಹೊಡೆದ ಗೂಡು ಅದು. ಸರಿಯಾಗಿ ನಮ್ಮ ಅಡುಗೆಮನೆಯ ಕಿಟಕಿಗೆ ಎದುರು. ಸಂಜೆ ಗೂಡಿನ ಬಾಗಿಲು ತೆಗೆದು, ಉದ್ದನೆಯ ಕೋಲಿಗೆ ಕಟ್ಟಿದ ಕಪ್ಪು ಬಟ್ಟೆ ಬೀಸುತ್ತಿದ್ದರು. ಬಿಳಿ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಚರ್ಚಿನ ಗೋಪುರದ ತನಕ ಹೋಗಿ ಒಂದೇ ಸಲ ತಿರುಗುತ್ತಿದ್ದವು. ಆಮೇಲೆ ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ. ಅಷ್ಟೇ, ಸಜ್ಜೆ ಕಾಳಿಗೆ ಎಲ್ಲವೂ ಇಳಿದುಬಿಡುತ್ತಿದ್ದವು. ನನ್ನ ಹೆಂಡತಿ ಒಗ್ಗರಣೆ ಸೀಯುವುದನ್ನೂ ಮರೆತು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಚಾಚಾಗೆ ಅವಳೆಂದರೆ ಮಗಳೇ. ಬೇಟಿ ಎಂದೇ ಕರೆಯುತ್ತಿದ್ದುದು.

ಅವರ ಮನೆಗೆ ಹೋದವರು ಟೀ ಕುಡಿಯದೆ ಹೊರಗೆ ಬಂದದ್ದಿಲ್ಲ. ಬೇಡ ಎಂದರೆ ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. "ಬೇಡ ಅನ್ನೋದು ನಿನ್ ಕೆಲಸ, ನೀನ್ ಮಾಡ್ದೆ. ಕೊಡೋದು ನನ್ ಕೆಲಸ, ಹಿಡಿ" ಎಂದು ಬಿಸಿ ಗ್ಲಾಸನ್ನು ಕೈಗೆ ತುರುಕುತ್ತಿದ್ದರು. ಅವರೊಬ್ಬರೇ ಅಲ್ಲ, ನಮ್ಮ ಗಲ್ಲಿಯೇ ಹಾಗೆ. ಬಂದವರು ಒಂದೇ ಮಾತಿಗೆ ಸರಿ ಎಂದರೆ ನಾಚಿಕೆಗೆಟ್ಟವರು. ಬೇಡ ಎಂದದ್ದನ್ನು ಮನೆಯವರು ನಿಜವೆಂದು ನಂಬಿದರೆ ಅವರು ಜಿಪುಣರು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ.

ನನ್ನ ಹೆಂಡತಿಯ ಎರಡೂ ಕಿಡ್ನಿಗಳು ಕೆಟ್ಟು ಡಯಾಲಿಸಿಸ್ ಶುರುವಾಗಿ, ಕೊನೆಗೆ ಕೆ.ಆರ್. ಪುರದಲ್ಲಿದ್ದ ನಮ್ಮತ್ತೆ ತಮ್ಮದೊಂದನ್ನು ಮಗಳಿಗೆ ಕೊಟ್ಟರು. ಆಪರೇಷನ್ ಚೆನ್ನಾಗಿ ಆಯಿತು. ಇನ್ನು ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಆದರೆ ನಿಜವಾದ ಭಯ ಶುರುವಾದದ್ದು ಆಮೇಲೆ.

ಆ ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರಮ್ಮ ಇದ್ದರು. ಇನ್ನೂ ಚಿಕ್ಕ ವಯಸ್ಸು. ಮೈಯ ಶಕ್ತಿ ಕುಗ್ಗಿದವರಿಗೆ, ಅಂದರೆ ಬೇರೆಯವರ ಕಿಡ್ನಿ ಹಾಕಿಸಿಕೊಂಡವರಿಗೆ, ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುವವರಿಗೆ, ಯಾವ ಯಾವ ಸೋಂಕು ಎಲ್ಲಿಂದ ಬರುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದವರು. ರೋಗಿಗಳ ಮನೆಮನೆಗೂ ಹೋಗಿ ನೋಡುವುದು ಅವರ ಕೆಲಸದ ಭಾಗ. ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು: "ಹೊಸ ಕಿಡ್ನೀನ ಮೈ ಒಪ್ಪಲ್ಲ, ಹೊರಗಿನದು ಅಂತ ಹೊಡೆದು ಹಾಕೋಕೆ ನೋಡುತ್ತೆ. ಹೊಡೀಬಾರದು ಅಂತ ನಾವು ಔಷಧಿ ಕೊಟ್ಟು ಕಾವಲುಗಾರನ ಕೈ ಕಟ್ಟಿಹಾಕ್ತೀವಿ. ಆಗ ನಿಜವಾದ ಕಳ್ಳ ಬಂದ್ರೂ ಹೊಡೆಯೋರಿರಲ್ಲ."

ನನಗೆ ಅದು ನನ್ನ ಕೆಲಸದಲ್ಲೇ ಅರ್ಥವಾಯಿತು. ತಾಮ್ರದ ತಂತಿಯ ಮೇಲೆ ಕಣ್ಣಿಗೆ ಕಾಣದ ಹಾಗೆ ವಾರ್ನಿಷ್ ಇರುತ್ತದೆ. ಅದು ಎಲ್ಲೋ ಒಂದು ಕಡೆ ಉಗುರಿನಷ್ಟು ಕಿತ್ತುಹೋದರೂ ಸಾಕು, ಹೊರಗಿನಿಂದ ಹೊಸದರ ಹಾಗೇ ಹೊಳೆಯುತ್ತದೆ, ಸ್ವಿಚ್ ಹಾಕಿದ ಕ್ಷಣ ಇಡೀ ಕಾಯಿಲ್ ಸುಟ್ಟು ಕರಕಲಾಗುತ್ತದೆ. ಹಾಸಿಗೆಯ ಮೇಲೆ ಕೂತು ಮಾತ್ರೆ ನುಂಗುತ್ತಿದ್ದ ಇವಳನ್ನು ನೋಡಿದೆ. ಮುಖಕ್ಕೆ ಹೊಸದಾಗಿ ಕಳೆ ಬಂದಿತ್ತು.

ಇವಳನ್ನು ಮನೆಗೆ ಕಳುಹಿಸುವ ಮುಂಚೆ ಡಾಕ್ಟರಮ್ಮ ನಮ್ಮ ಮನೆ ನೋಡಲು ಬಂದರು. ಗುಂಡಗಿನ ಸಣ್ಣ ತಟ್ಟೆಗಳನ್ನು ತಂದಿದ್ದರು. ಒಳಗೆ ಗಂಜಿ ಹೆಪ್ಪುಗಟ್ಟಿದಂಥ ಪದರ. ಮುಚ್ಚಳ ತೆಗೆದು ಒಂದನ್ನು ಮಂಚದ ಹತ್ತಿರ, ಒಂದನ್ನು ಅಡುಗೆಮನೆಯಲ್ಲಿ, ಒಂದನ್ನು ಕಿಟಕಿಯ ಹಲಗೆಯ ಮೇಲೆ ಇಟ್ಟರು. ಗಾಳಿಯಲ್ಲಿರುವುದು ಅದರ ಮೇಲೆ ಬಿದ್ದು ಬೆಳೆಯುತ್ತದಂತೆ. ತಟ್ಟೆ ಇಟ್ಟು ಕಿಟಕಿಯಿಂದ ಆಚೆ ನೋಡಿದವರು ಹಾಗೇ ನಿಂತರು.

"ಆ ಪಾರಿವಾಳ ಯಾರದು?"

ನಾನು ಹೇಳಿದೆ. ಒಣಗಿದ ಹಳೇ ಹಿಕ್ಕೆಯಲ್ಲಿ ಒಂದು ಜಾತಿಯ ಫಂಗಸ್ ಇರಬಹುದು, ಅದರ ಧೂಳು ಉಸಿರಿನಲ್ಲಿ ಶ್ವಾಸಕೋಶಕ್ಕೆ ಹೋದರೆ ಗಟ್ಟಿ ಇರುವವರಿಗೆ ಏನೂ ಆಗುವುದಿಲ್ಲ, ಇವಳಂಥವರಿಗೆ ಮಾತ್ರ ಅಲ್ಲಿಂದ ಮೆದುಳಿಗೇ ಏರಬಹುದು ಎಂದರು. ಆದರೂ ಚಾಚಾನ ಬಳಿ ಹೋಗಿ ಪಾರಿವಾಳ ತೆಗೆಯಿರಿ ಎಂದು ಕೇಳಲು ನನ್ನಿಂದ ಆಗುತ್ತಿರಲಿಲ್ಲ. ಯಾರ ಮುಂದೆಯೂ ಕೈ ಚಾಚಿದವನಲ್ಲ ನಾನು. ಅದು ಡಾಕ್ಟರಮ್ಮನಿಗೆ ತಿಳಿಯಿತೋ ಏನೋ, "ನಾನೇ ಮಾತಾಡ್ತೀನಿ, ಬನ್ನಿ" ಎಂದರು.

ಚಾಚಾ ಹತ್ತಿಯ ರಾಶಿಯಿಂದ ಎದ್ದು ಬಂದು, ಹೆಗಲ ಮೇಲಿನ ಟವೆಲಿನಿಂದ ಕುರ್ಚಿ ಒರೆಸಿದರು.

"ಕೂತ್ಕೋ ಡಾಕ್ಟರ್ ಬೇಟಿ. ಚಾಯ್ ತರಿಸ್ತೀನಿ."

"ಅಯ್ಯೋ ಬೇಡ ಬೇಡ, ಖಂಡಿತ ಬೇಡ."

"ಹೌ ಹೌ" ಎಂದು ಎದುರಿನ ಹೋಟೆಲಿಗೆ ಕೂಗಿಯೇ ಬಿಟ್ಟರು. ಟೀ ಬಂತು. ಡಾಕ್ಟರಮ್ಮ ನಕ್ಕು ಕುಡಿದರು. ಕುಡಿಯುತ್ತ ಎಲ್ಲವನ್ನೂ ಬಿಡಿಸಿ ಹೇಳಿದರು. ಚಾಚಾ ತಲೆ ತಗ್ಗಿಸಿ ಕೇಳುತ್ತಿದ್ದರು. ಅವರ ಮುಖ ನೋಡಿ ಡಾಕ್ಟರಮ್ಮನಿಗೆ ಪಾಪ ಅನ್ನಿಸಿರಬೇಕು, ದನಿ ಮೆತ್ತಗಾಯಿತು.

"ಈಗ ನೀವೇನೂ ಮಾಡ್ಬೇಡಿ ಚಾಚಾ. ಹಕ್ಕಿಗಳು ಇದ್ದ ಹಾಗೇ ಇರ್ಲಿ. ಅವರು ಕಿಟಕಿ ಮುಚ್ಚಿಟ್ಕೊಳ್ತಾರೆ. ಗೂಡು ಮುಟ್ಬೇಡಿ, ಗುಡಿಸ್ಬೇಡಿ. ಕದಲಿಸದೆ ಇದ್ರೆ ಅಷ್ಟು ಭಯ ಇಲ್ಲ. ಸ್ವಲ್ಪ ದಿನ ಬಿಟ್ಟು ನಾನೇ ಜನ ಕರ್ಕೊಂಡು ಬಂದು, ನೀರು ಹಾಕಿ ನೆನೆಸಿ ತೆಗೆಸ್ತೀನಿ. ನೀವು ತೊಂದ್ರೆ ತಗೋಬೇಡಿ."

"ಠೀಕ್ ಹೈ ಬೇಟಿ" ಎಂದರು ಚಾಚಾ.

ನಾನು ಅಡುಗೆಮನೆಯ ಕಿಟಕಿಗೆ ಪ್ಲಾಸ್ಟಿಕ್ ಹೊದಿಸಿ ಸುತ್ತಲೂ ಟೇಪು ಹೊಡೆದೆ. ಗೋಡೆಯ ಬಿರುಕುಗಳಿಗೆಲ್ಲ ಪುಟ್ಟಿ ತುಂಬಿದೆ. ಅಷ್ಟು ಅಚ್ಚುಕಟ್ಟಾಗಿ ನಾನು ಗಿರಾಕಿಯ ಮೋಟಾರಿಗೂ ಕೆಲಸ ಮಾಡಿರಲಿಲ್ಲ.

ಡಿಸ್ಚಾರ್ಜ್ ಆದ ದಿನ ಆಟೋದಲ್ಲಿ ಬಂದೆವು. ಇವಳು ಮಾಸ್ಕಿನ ಮೇಲೆ ಮಾಸ್ಕು ಹಾಕಿ, ಅದರ ಮೇಲೆ ಶಾಲು ಸುತ್ತಿಕೊಂಡಿದ್ದಳು. ಆಟೋ ಗಲ್ಲಿಯೊಳಗೆ ತಿರುಗಿದಾಗ ಹೊಳೆಯುವ ಬಿಸಿಲು. ಆ ಬಿಸಿಲಿನಲ್ಲಿ ನಮ್ಮ ಮನೆಯ ಮುಂದೆ ಏನೋ ಬೆಳ್ಳಗೆ ಇಳಿಯುತ್ತಿತ್ತು, ಗಿರಣಿಯಲ್ಲಿ ಹಿಟ್ಟು ಹಾರಿದ ಹಾಗೆ. ಮೊದಲು ಯಾರೋ ಗೋಡೆ ಕೆರೆಯುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಮೇಲಿನಿಂದ ಶಬ್ದ ಕೇಳಿಸಿತು. ಕರಣೆಯಿಂದ ಹಲಗೆ ಕೆರೆಯುವ ಶಬ್ದ... ಪೊರಕೆಯ ಶಬ್ದ...

ಮಹಡಿಯ ಅಂಚಿನಲ್ಲಿ ಚಾಚಾ ಕಾಣಿಸಿದರು. ಗಡ್ಡ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿತ್ತು. ಹತ್ತಿಯಲ್ಲ. ಮುಖದ ತುಂಬ ನಗು.

"ಆ ಗಯೀ ಬೇಟಿ! ನೋಡು ಬೇಟಾ, ಎಲ್ಲಾ ಸಾಫ್! ಒಂದ್ ಪುಕ್ಕ ಬಿಟ್ಟಿಲ್ಲ! ಹಕ್ಕಿ ಎಲ್ಲಾ ಹೊಸಕೋಟೆ ದೋಸ್ತಿಗೆ ಕೊಟ್ಟುಬಿಟ್ಟೆ!"

ಹಕ್ಕಿಯಿಲ್ಲದ ಗೂಡಿನ ಬಾಗಿಲು ಅವರ ಹಿಂದೆ ತೆರೆದು ನಿಂತಿತ್ತು. ಅವರು ನಮ್ಮ ಕಡೆ ಎರಡೂ ಕೈ ಬೀಸುತ್ತಿದ್ದರು. ಬೀಸಿದ ಕೈಗಳಿಂದಲೂ ಧೂಳು ಉದುರುತ್ತಿತ್ತು.

ನಾನು ಇವಳ ತಲೆಯನ್ನು ಹಿಡಿದು ನನ್ನ ಎದೆಗೆ ಒತ್ತಿಕೊಂಡೆ. "ಉಸಿರು ಎಳೀಬೇಡ" ಎಂದೆ. ಎಂಥ ಮಾತು! ಮನುಷ್ಯರು ಉಸಿರು ಎಳೆಯದೆ ಎಷ್ಟು ಹೊತ್ತು ಇರುತ್ತಾರೆ?

"ಗಾಡಿ ತಿರುಗ್ಸಿ!"

"ಇಲ್ಲೇ ಅಲ್ವಾ ಗುರು ಅಂದಿದ್ದು? ಎಲ್ಲಿಗೆ ಈಗ?"

"ಎಲ್ಲಿಗಾದ್ರೂ! ಮೊದ್ಲು ತಿರುಗ್ಸಿ!"

ಹಲಸೂರು ಕೆರೆ ದಾಟುವವರೆಗೂ ನಾನು ಅವಳ ತಲೆ ಬಿಟ್ಟಿರಲಿಲ್ಲ. ಬಿಟ್ಟಾಗ ಅವಳು ಶಾಲು ಸರಿಮಾಡಿಕೊಂಡು ಹೇಳಿದ್ದು ಒಂದೇ ಮಾತು: "ಚಾಚಾ ಕೈ ಬೀಸ್ತಾ ಇದ್ರು ಕಣ್ರೀ. ನಾವು ನೋಡ್ಲೂ ಇಲ್ಲ."

ಅವಳನ್ನು ಕೆ.ಆರ್. ಪುರದ ನಮ್ಮತ್ತೆಯ ಮನೆಯಲ್ಲಿ ಬಿಟ್ಟು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಎಷ್ಟು ಹೊತ್ತು ಧೂಳಿನಲ್ಲಿದ್ದಿರಿ ಎಂದು ಅವರು ಮೊದಲು ಕೇಳಿದರು. ಆಮೇಲೆ ಮೆಲ್ಲಗೆ, ತಲೆನೋವು, ಜ್ವರ, ವಾಂತಿ, ಕತ್ತು ಬಿಗಿಯುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ಗಳಿಗೆಯಲ್ಲಿ ಕರೆದುಕೊಂಡು ಬನ್ನಿ ಎಂದರು. ಯಾವಾಗ ಕಾಣಿಸಬಹುದು ಎಂದು ಕೇಳಿದೆ. ವಾರಗಳಾಗಬಹುದು, ತಿಂಗಳುಗಳಾಗಬಹುದು, ಏನೂ ಆಗದೆಯೂ ಇರಬಹುದು ಎಂದರು.

ವಾಪಸು ಬಂದಾಗ ಚಾಚಾ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಸ್ನಾನ ಮಾಡಿ ಒಗೆದ ಜುಬ್ಬಾ ಹಾಕಿದ್ದರು. ನಾವು ಯಾಕೆ ತಿರುಗಿ ಹೋದೆವು ಎಂದು ಅವರಿಗೆ ತಿಳಿದಿರಲಿಲ್ಲ.

"ಮುಟ್ಬೇಡಿ ಅಂತ ಡಾಕ್ಟರಮ್ಮ ಬಾಯಿಬಿಟ್ಟು ಹೇಳಿದ್ರಲ್ಲ ಚಾಚಾ!" ನನ್ನ ಕೂಗಿಗೆ ಎದುರಿನ ಹೋಟೆಲಿನವರೆಲ್ಲ ಹೊರಗೆ ಬಂದರು.

ಅವರು ನನ್ನ ಮುಖವನ್ನೇ ನೋಡುತ್ತ ಹೇಳಿದರು: "ಹೇಳಿದ್ರು ಬೇಟಾ. ಆದ್ರೆ ಅವರು ಮರ್ಯಾದಸ್ತ ಮನೆ ಹೆಣ್ಮಗಳು. ಮುದುಕನ ಮುಂದೆ ಕೂತು, ನಿನ್ನ ಹಕ್ಕಿ ತೆಗೆದು ಹಾಕು ಅಂತ ಹೇಳ್ತಾರಾ? ತೊಂದ್ರೆ ತಗೋಬೇಡಿ ಅಂತಾರೆ. ಚಾಯ್ ಕೂಡಾ ಬೇಡ ಅಂದ್ರು. ನಾನು ಕೊಟ್ಟೆ, ಅವರು ಕುಡುದ್ರು..."

ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ತಿಳಿದುಕೊಳ್ಳುತ್ತಿದ್ದೆನೋ ಏನೋ. ಒಣ ಹಿಕ್ಕೆ ಗುಡಿಸಿದರೆ ಏಳುವ ಧೂಳೇ ಅಪಾಯ ಎಂದು ಅವರಿಗೆ ಆಗ ಮತ್ತೊಮ್ಮೆ ಹೇಳಿದೆ. ಕೇಳುತ್ತ ಕೇಳುತ್ತ ಅವರು ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಬೇಟಿ ಶುದ್ಧವಾದ ಮನೆಗೆ ಬರ್ಲಿ ಅಂತ..." ಎಂದರು.

ಮರುದಿನ ಡಾಕ್ಟರಮ್ಮ ಮೈತುಂಬ ಬಿಳಿ ನಿಲುವಂಗಿ ಹಾಕಿದವರನ್ನು ಕರೆದುಕೊಂಡು ಬಂದರು. ಮಹಡಿ, ಗೂಡು, ಗಲ್ಲಿ ಎಲ್ಲವನ್ನೂ ನೀರಿನಲ್ಲಿ ನೆನೆಸಿದರು. ಮೂಲೆಯಲ್ಲಿ ಉಳಿದಿದ್ದ ಧೂಳನ್ನು ಸಣ್ಣ ಡಬ್ಬಿಗಳಲ್ಲಿ ತುಂಬಿಕೊಂಡರು. ಗೂಡಿನ ಹಲಗೆಗಳನ್ನು ಬಿಚ್ಚಿ ಒದ್ದೆಯಾಗಿಯೇ ಚೀಲಕ್ಕೆ ಹಾಕಿದರು. ಎಲ್ಲ ಮುಗಿದ ಮೇಲೆ ಚಾಚಾ ಟೀ ಹಿಡಿದು ನಿಂತಿದ್ದರು. ಡಾಕ್ಟರಮ್ಮ ಬೇಡ ಎನ್ನಲು ಬಾಯಿ ತೆರೆದವರು ಸುಮ್ಮನಾಗಿ ಗ್ಲಾಸು ತೆಗೆದುಕೊಂಡರು.

"ಚಾಚಾ, ಇನ್ಮೇಲೆ ನಾನು ಬೇಡ ಅಂದ್ರೆ ಬೇಡಾಂತಲೇ ಅರ್ಥ. ಟೀ ಒಂದು ಬಿಟ್ಟು."

ಚಾಚಾ ನಕ್ಕರು. ಗೂಡು ಗುಡಿಸಿದ ಆ ದಿನದ ನಂತರ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಆ ನಂತರದ ದಿನಗಳನ್ನು ನಾನು ಹೇಗೆ ಕಳೆದೆನೋ. ಹಗಲು ಶಿವಾಜಿನಗರದ ಅಂಗಡಿ, ಸಂಜೆ ಕೆ.ಆರ್. ಪುರ. ಅಲ್ಲಿ ಬಾಗಿಲ ಹೊರಗೇ ಬಟ್ಟೆ ಬದಲಿಸಿ, ಕೈಕಾಲು ಉಜ್ಜಿ ತೊಳೆದು ಒಳಗೆ ಹೋಗುತ್ತಿದ್ದೆ. ಹೋದವನು ಮೊದಲು ಕೇಳುವುದು, "ತಲೆನೋವಿದ್ಯಾ?"

"ನೀವು ಕೇಳಿ ಕೇಳೇ ಬರುತ್ತೆ ನೋಡಿ" ಎಂದು ಇವಳು ರೇಗುತ್ತಿದ್ದಳು. ಅವಳು ಹಣೆಯ ಮೇಲೆ ಕೈ ಇಟ್ಟರೆ, ಸುಮ್ಮನೆ ಕೂದಲು ಸರಿಸಿದರೆ ಸಾಕು, ನಾನು ಎದ್ದು ಹೋಗಿ ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಒಂದು ದಿನ ಅವಳು ಟೆರೇಸಿನ ಕಡೆಯ ಕಿಟಕಿಯ ಗಾಜಿನ ಹಿಂದೆ ನಿಂತು, "ಬೆಳ್ಳಗೆ ಒಂದಷ್ಟು ಹಕ್ಕಿ ಊರ ಕಡೆ ಹೋದ್ವು. ಹೊಸಕೋಟೆಯಿಂದ ವಾಪಸ್ ಬರ್ತಾ ಇರ್ಬೇಕು" ಎಂದಳು. ನಾನು ಪರದೆ ಎಳೆದುಬಿಟ್ಟೆ.

ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಚಾಚಾ ಬಾಗಿಲಲ್ಲೇ ಕಾದಿರುತ್ತಿದ್ದರು. ಅವರು ಕೇಳುವುದೂ ಅದನ್ನೇ. "ಬೇಟಿ ತಲೆ ಹೇಗಿದೆ?" ಚೆನ್ನಾಗಿದೆ ಎಂದರೆ ಕಣ್ಣು ಮುಚ್ಚಿ ಏನೋ ಪಠಿಸಿ ಒಳಗೆ ಹೋಗುತ್ತಿದ್ದರು. ದಿನಕ್ಕೊಂದು ಸಲ ನಾವಿಬ್ಬರೂ ಹೀಗೆ ಒಬ್ಬರ ಮುಖದಲ್ಲಿ ಒಬ್ಬರ ಭಯ ನೋಡಿಕೊಳ್ಳುತ್ತಿದ್ದೆವು. ಆ ಹೊತ್ತಿಗೆ ಪರೀಕ್ಷೆಯ ಫಲಿತಾಂಶವೂ ಬಂತು. ನಮ್ಮ ಮನೆಯೊಳಗಿನ ತಟ್ಟೆಗಳಲ್ಲಿ ಸಾಮಾನ್ಯ ಬೂಷ್ಟು ಮಾತ್ರ. ಗೂಡಿನ ಧೂಳಿನಲ್ಲಿ ಮಾತ್ರ ಅದು ಬೆಳೆದಿತ್ತು, ಡಾಕ್ಟರಮ್ಮ ಹೆದರಿದ್ದ ಅದೇ ಜಾತಿ.

ಒಂದು ಬೆಳಗ್ಗೆ ನಮ್ಮತ್ತೆಯ ಫೋನು. "ಎದ್ದಾಗಿಂದ ತಲೆ ಸಿಡೀತಿದೆ ಅಂತಾಳೆ." ಅಂಗಡಿಯ ಶಟರ್ ಅರ್ಧ ಎಳೆದು, ಇವಳಿಗೆ ತಲೆನೋವಂತೆ ಎಂದು ಚಾಚಾಗೆ ಕೂಗಿ ಹೇಳಿ ಓಡಿದೆ.

ಆಸ್ಪತ್ರೆಯಲ್ಲಿ ಇವಳನ್ನು ಮಗ್ಗುಲಾಗಿ ಮಡಚಿ ಮಲಗಿಸಿ, ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ನಾನು, ನಮ್ಮತ್ತೆ ಹೊರಗೆ ಬೆಂಚಿನ ಮೇಲೆ. ಮಗಳಿಗೆ ಕಿಡ್ನಿ ಕೊಟ್ಟ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅವರು ಸುಮ್ಮನೆ ಬಾಗಿಲು ನೋಡುತ್ತಿದ್ದರು. ನನಗೆ ದೇವರ ಹೆಸರು ಯಾವುದೂ ಬಾಯಿಗೆ ಬರಲಿಲ್ಲ. ಡಾಕ್ಟರಮ್ಮ ಹೊರಗೆ ಬಂದಾಗ ಅವರ ಮುಖ ನೋಡುವ ಧೈರ್ಯವಾಗದೆ ಚಪ್ಪಲಿ ನೋಡಿದೆ.

"ಇಲ್ಲ. ಏನೂ ಇಲ್ಲ. ಬಿ.ಪಿ. ಜಾಸ್ತಿಯಾಗಿದೆ, ಅದರ ತಲೆನೋವು. ಸರಿಹೋಗುತ್ತೆ."

ನಮ್ಮತ್ತೆ ಅತ್ತರು. ನಾನು ಅಳಲಿಲ್ಲ. ಚಾಚಾಗೆ ಈ ಸುದ್ದಿಯನ್ನು ಫೋನಿನಲ್ಲಿ ಹೇಳಬಾರದು, ಎದುರಿಗೇ ಹೇಳಬೇಕು ಎಂದು ಶಿವಾಜಿನಗರದ ಬಸ್ಸು ಹತ್ತಿದೆ.

ಚಾಚಾ ತಮ್ಮ ಮನೆಯ ಒಳಗೆ, ಅರ್ಧ ತುಂಬಿದ ಹಾಸಿಗೆಯ ಮೇಲೆ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ್ದರು. ನಾನು ಬಾಗಿಲಲ್ಲೇ ನಿಂತು ಕೂಗಿದೆ: "ಚಾಚಾ, ಏನೂ ಇಲ್ವಂತೆ! ಬೆನ್ನುನೀರು ತೆಗೆದು ನೋಡಿದ್ರು. ಏನೂ ಇಲ್ಲ!"

"ಶುಕ್ರ್ ಹೈ... ಶುಕ್ರ್ ಹೈ..." ಎನ್ನುತ್ತ ಗೋಡೆ ಹಿಡಿದು ಎದ್ದು ಕೂತರು. ಕಣ್ಣು ಕಿರಿದು ಮಾಡಿ ನನ್ನ ಕಡೆ ನೋಡಿದರು. ಆಮೇಲೆ ಕೇಳಿದರು:

"ಜೊತೆಗೆ ಯಾರನ್ನ ಕರ್ಕೊಂಡ್ ಬಂದೆ ಬೇಟಾ? ಒಳಗೆ ಕರಿ, ಚಾಯ್ ತರಿಸ್ತೀನಿ."

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಬಾಗಿಲಲ್ಲಿ ನಾನೊಬ್ಬನೇ ನಿಂತಿದ್ದೆ; ಅವರ ಕಣ್ಣಿಗೆ ಇಬ್ಬರಾಗಿ ಕಂಡಿದ್ದೆ.

ಆ ಕ್ಷಣದ ಭಯವನ್ನು ನಾನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ಹಣೆಯ ಬಟ್ಟೆ ಎಷ್ಟು ದಿನದಿಂದ ಎಂದು ಕೇಳಿದೆ. ಬಿಸಿಲಿಗೆ, ವಯಸ್ಸಿಗೆ ಎಂದು ಏನೇನೋ ಹೇಳಿದರು. ತಲೆನೋವು ಬಹಳ ದಿನದ್ದೇ. ದಿನಾ ಬೆಳಗ್ಗೆ ನನ್ನ ಬಾಗಿಲಲ್ಲಿ ನಿಂತು ಬೇಟಿಯ ತಲೆ ಹೇಗಿದೆ ಎಂದು ಕೇಳುವಾಗಲೂ ಅವರ ತಲೆ ಸಿಡಿಯುತ್ತಲೇ ಇತ್ತು. "ಬೇಟಿ ಹೆದರ್ತಾಳೆ, ನಕ್ಕೋ, ಬೇಡ, ಯಾರಿಗೂ ಹೇಳ್ಬೇಡ" ಎಂದು ಕೈ ಹಿಡಿದುಕೊಂಡರು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಚಾಚಾ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾರಾ ನೋಡಿ ಎಂದರು. ದಿಂಬಿನ ಕೆಳಗೆ ಸಣ್ಣ ಬಿಳಿ ಮಾತ್ರೆಗಳ ಪಟ್ಟಿ ಇತ್ತು. ಉಸಿರಿನ ಮಾತ್ರೆ ಎಂದರು ಚಾಚಾ. ಹತ್ತಿಯ ಧೂಳಿಗೆ ಉಸಿರು ಕಟ್ಟಿದಾಗ ಯಾವಾಗಲೋ ಯಾರೋ ಬರೆದುಕೊಟ್ಟದ್ದು. ನುಂಗಿದರೆ ಉಸಿರು ಹಗುರ, ಮಂಡಿನೋವೂ ಮಾಯ. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ತಂದು ವರ್ಷಗಟ್ಟಲೆ ನುಂಗಿದ್ದರು. ಪಟ್ಟಿಯ ಮೇಲಿನ ಹೆಸರನ್ನು ಒಂದೊಂದೇ ಅಕ್ಷ‌ರವಾಗಿ ಫೋನಿನಲ್ಲಿ ಓದಿದೆ. ಅದೇ ಔಷಧಿ, ಕಾವಲುಗಾರನ ಕೈ ಕಟ್ಟಿಹಾಕುವ ಔಷಧಿ, ಇವಳ ಡಬ್ಬಿಯಲ್ಲೂ ಇತ್ತು ಎಂದು ಓದುತ್ತ ಓದುತ್ತ ನನಗೇ ಹೊಳೆಯಿತು.

ಡಾಕ್ಟರಮ್ಮ ಮಧ್ಯದಲ್ಲೇ ತಡೆದರು. "ಈಗ್ಲೇ ಕರ್ಕೊಂಡು ಬನ್ನಿ."

ಚಾಚಾನ ಬೆನ್ನುನೀರಿನಲ್ಲಿ ಆ ಫಂಗಸ್ ಇತ್ತು. ನನಗೆ ತೋರಿಸಿ ಎಂದು ನಾನೇ ಕೇಳಿದೆ. ಡಾಕ್ಟರಮ್ಮ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ನಿಲ್ಲಿಸಿದರು. ನೀರಿಗೆ ಕಪ್ಪು ಶಾಯಿ ಹಾಕಿರುತ್ತಾರೆ. ಆ ಕಪ್ಪಿನ ತುಂಬ ಬೆಳ್ಳಗೆ ಹೊಳೆಯುವ ಉಂಗುರಗಳು, ಒಂದೊಂದರ ನಡುವೆ ಒಂದು ದುಂಡನೆಯ ಚುಕ್ಕೆ. ನೋಡಲು ಚೆಂದವಾಗಿತ್ತು. ಅಷ್ಟು ಚೆಂದವಾಗಿದ್ದದ್ದೇ ನನ್ನನ್ನು ಹೆಚ್ಚು ಹೆದರಿಸಿತು.

"ನಾವೆಲ್ಲ ನಿಮ್ಮ ಹೆಂಡತೀನೇ ನೋಡ್ತಾ ಕೂತ್ವಿ" ಎಂದರು ಡಾಕ್ಟರಮ್ಮ. "ಎರಡು ಸಲ ಅವರ ಮನೇಲಿ ಟೀ ಕುಡಿದೆ. ನೀವೇನಾದ್ರೂ ಮಾತ್ರೆ ತಗೊಳ್ತೀರಾ ಅಂತ ಅವರನ್ನ ಕೇಳ್ಬೇಕು ಅಂತ ನನಗೆ ಹೊಳೀಲೇ ಇಲ್ಲ."

ಅವತ್ತಿನ ಧೂಳಿನಿಂದಲೇ ಬಂತಾ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಅಷ್ಟು ವರ್ಷ ಹಕ್ಕಿಗಳ ಜೊತೆ ಇದ್ದವರು, ಯಾವಾಗಲೋ ಶ್ವಾಸಕೋಶಕ್ಕೆ ಹೋಗಿ ಮಲಗಿದ್ದದ್ದು ಈಗ ಎದ್ದಿರಬಹುದು, ಅವತ್ತಿನದೂ ಇರಬಹುದು, ಹೇಳಲಾಗುವುದಿಲ್ಲ. ಅಷ್ಟು ಓದಿದವರೂ ಗೊತ್ತಿಲ್ಲ ಎಂದಾಗ ನನಗೆ ಕೋಪ ಬರಲಿಲ್ಲ. ಸುಳ್ಳು ಧೈರ್ಯ ಹೇಳದಿದ್ದುದಕ್ಕೆ ಅವರ ಮೇಲೆ ಗೌರವ ಹೆಚ್ಚಾಯಿತು.

ಔಷಧಿ ನಡೆಯಿತು. ಕೆಲವು ದಿನ ಚಾಚಾ ಗೆಲುವಾಗಿರುತ್ತಿದ್ದರು. ನರ್ಸ್‌ಗೆ, "ಈ ಹಾಸಿಗೆಯಲ್ಲಿ ಹತ್ತಿ ಎಲ್ಲಿದೆ ಬೇಟಿ? ಎಲ್ಲಾ ಸ್ಪಂಜು. ಮೋಸ ಮಾಡಿದ್ದಾರೆ ನಿಮಗೆ" ಎಂದು ದೂರು ಹೇಳುತ್ತಿದ್ದರು. ಕೆಲವು ದಿನ ನನ್ನ ಗುರುತೂ ಹತ್ತುತ್ತಿರಲಿಲ್ಲ. ಕೋಲಾರದಿಂದ ಮಗಳು ಬಂದು ಕಾಲ ಬಳಿ ಕೂತಿದ್ದಳು.

ಇವಳಿಂದ ಎಷ್ಟು ದಿನ ಮುಚ್ಚಿಡುವುದು? ಗೊತ್ತಾದ ದಿನ ನೋಡಲೇಬೇಕು ಎಂದು ಹಟ ಹಿಡಿದಳು. ಈ ರೋಗ ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ, ಆದರೆ ಆ ವಾರ್ಡಿನಲ್ಲಿ ಬೇರೆ ಎಷ್ಟೋ ರೋಗ ಇರುತ್ತವೆ, ನೀವು ಒಳಗೆ ಹೋಗುವ ಹಾಗಿಲ್ಲ ಎಂದರು ಡಾಕ್ಟರಮ್ಮ. ಅವಳ ಚೆಕಪ್ಪಿನ ದಿನ ವಾರ್ಡಿನ ಗಾಜಿನ ಬಾಗಿಲ ತನಕ ಕರೆದುಕೊಂಡು ಹೋದೆ. ದೂರದ ಮಂಚದ ಮೇಲೆ ಚಾಚಾ ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದರು. ಇವಳು ಮಾಸ್ಕಿನೊಳಗಿಂದಲೇ ಚಾಚಾ ಎಂದು ಎರಡೂ ಕೈ ಬೀಸಿದಳು. ತುಂಬ ಹೊತ್ತು ಬೀಸಿದಳು. ಅವರ ಕಣ್ಣಿಗೆ ಆಗ ಏನೂ ಕಾಣುತ್ತಿರಲಿಲ್ಲ...

ಅದಾಗಿ ಸ್ವಲ್ಪ ದಿನಕ್ಕೆ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಹಿಡಿ ಮಣ್ಣು ಹಾಕುವಾಗ ಅದು ಒಣಗಿತ್ತು. ಧೂಳೆದ್ದಾಗ ನನಗೆ ಗೊತ್ತಿಲ್ಲದೆಯೇ ಉಸಿರು ಬಿಗಿಹಿಡಿದಿದ್ದೆ.

ಇವಳು ಮನೆಗೆ ಬಂದ ಮೇಲೆ, ಒಂದು ಸಂಜೆ ಎದುರು ಮಹಡಿಯ ಗೋಡೆಯ ಮೇಲೆ ನಾಲ್ಕೈದು ಬಿಳಿ ಪಾರಿವಾಳ ಬಂದು ಕೂತಿದ್ದವು. ಗೂಡಿದ್ದ ಜಾಗದಲ್ಲೇ ಅತ್ತಿಂದಿತ್ತ ನಡೆಯುತ್ತಿದ್ದವು. ಮುಚ್ಚಿದ ಗಾಜಿನ ಹಿಂದೆ ನಿಂತು ಇವಳು, "ಸಿಳ್ಳೆ ಕಾಯ್ತಿವೆ ನೋಡಿ" ಎಂದಳು. ನಾನು ಮಹಡಿ ಹತ್ತಿ ಹೋಗಿ ಚಪ್ಪಾಳೆ ತಟ್ಟಿ ಓಡಿಸಿದೆ. ಹೋದವು, ಮತ್ತೆ ಬಂದವು. ಓಡಿಸುವಾಗಲೆಲ್ಲ ಯಾರದೋ ಮನೆಯವರನ್ನು ಹೊರಗೆ ಹಾಕಿದ ಹಾಗೆ ಅನ್ನಿಸುತ್ತಿತ್ತು. ಆದರೂ ಓಡಿಸಿದೆ, ಬರುವುದು ನಿಲ್ಲಿಸುವವರೆಗೂ.

ಡಾಕ್ಟರಮ್ಮ ಈಗಲೂ ಮನೆಮನೆಗೆ ತಟ್ಟೆ ಹಿಡಿದು ಹೋಗುತ್ತಾರೆ. ಈಗ ರೋಗಿಯ ಮನೆಯಲ್ಲಷ್ಟೇ ನಿಲ್ಲುವುದಿಲ್ಲ. ಅಕ್ಕಪಕ್ಕದ ಬಾಗಿಲನ್ನೂ ತಟ್ಟಿ, ವಯಸ್ಸಾದವರು ಯಾರಿದ್ದಾರೆ, ಉಸಿರಿಗೆ ಮಂಡಿಗೆ ಏನು ಮಾತ್ರೆ ನುಂಗುತ್ತಾರೆ ಎಂದು ಕೇಳುತ್ತಾರೆ. ಇವಳು ಚೆನ್ನಾಗಿದ್ದಾಳೆ. ತಲೆನೋವು ಎಂದರೆ ನಾನು ಈಗಲೂ ಹೆದರುತ್ತೇನೆ. ಆ ಭಯ ಹೋಗುವಂಥದ್ದಲ್ಲ.

ಇಂದಿರಾನಗರದ ಆ ಬಾಲ್ಕನಿಯ ಹಿಕ್ಕೆ ಚೆನ್ನಾಗಿ ನೆನೆದಿತ್ತು. ಒದ್ದೆ ಮುದ್ದೆಯನ್ನು ಹಾಗೆಯೇ ಎತ್ತಿ, ಎರಡು ಕವರಿಗೆ ಹಾಕಿ ಬಾಯಿ ಕಟ್ಟಿದೆ. ಮೋಟಾರು ಬಿಚ್ಚಿಕೊಂಡೆ. ಕೈ ತೊಳೆದು ಬಂದು ಆ ಹೆಣ್ಣುಮಗಳನ್ನು ಕೇಳಿದೆ:

"ಮನೇಲಿ ವಯಸ್ಸಾದವರು ಇದ್ದಾರಾ ಮೇಡಂ? ಉಸಿರಿಗೆ, ಕೀಲುನೋವಿಗೆ ಮಾತ್ರೆ ತಗೊಳ್ಳೋರು?"

"ನಮ್ಮತ್ತೆ ಇದ್ದಾರೆ. ಯಾಕೆ?"

ಹೇಳಿದೆ, ನನಗೆ ತಿಳಿದಷ್ಟು. ಅತ್ತೆಯವರು ಬಾಲ್ಕನಿ ಗುಡಿಸುವುದು ಬೇಡ, ಮಾತ್ರೆ ಯಾವುದೆಂದು ಡಾಕ್ಟರಿಗೆ ತೋರಿಸಿ, ನೀವಾಗಿ ನಿಲ್ಲಿಸಬೇಡಿ ಎಂದೆ. ಅವರು ಹೆಡ್‌ಫೋನ್ ಪೂರ್ತಿ ತೆಗೆದು ಕೇಳಿದರು. ಈಗ ಅವರು ನಗುತ್ತಿರಲಿಲ್ಲ.

"ಥ್ಯಾಂಕ್ಸ್ ಸರ್. ಟೀ ಕುಡೀತೀರಾ?"

"ಬೇಡ ಮೇಡಂ."

"ಓಕೆ" ಎಂದು ಅವರು ಕೆಲಸಕ್ಕೆ ತಿರುಗಿದರು.

ತಪ್ಪೇನಿಲ್ಲ. ಬೇಡ ಎಂದರೆ ಬೇಡ ಎಂದೇ ತಿಳಿಯುವುದು ಒಳ್ಳೆಯದು. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಚಪ್ಪಲಿ ಮೆಟ್ಟಿ, ಮೋಟಾರನ್ನು ಹೆಗಲಿಗೇರಿಸಿಕೊಂಡ ಮೇಲೂ ನಾನು ಆ ಬಾಗಿಲ ಹೊರಗೆ ಒಂದು ಗಳಿಗೆ ಸುಮ್ಮನೆ ನಿಂತಿದ್ದೆ... ಒಳಗಿನಿಂದ ಯಾರೋ ಬಿಸಿ ಗ್ಲಾಸು ಹಿಡಿದು ಬರುವವರಿದ್ದಾರೆ ಎಂಬಂತೆ.